ಮತಪ್ರಚಾರದ ವಿಡಂಬನೆ: ಎಲ್ಲೆಯ ಪ್ರಶ್ನೆ

ಪುಣೆ ನಗರದ ದಕ್ಷಿಣ ಭಾಗದ ಬಿಬವೇವಾಡಿಯಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳ ಮನೆಕೂಟವೊಂದರಲ್ಲಿ ಭಾಗವಹಿಸುವ ಅವಕಾಶ ನಮಗೆ ಒದಗಿತ್ತು. ಅಂದು ಅಲ್ಲಿಯವರೇ ಬರೆದ ಒಂದು ಕಿರುಪ್ರಹಸನವನ್ನು ಆಡಿ ತೋರಿಸಲಾಯಿತು. ಬರಗಾಲದ ವರ್ಷದಲ್ಲಿ ಪಾದ್ರಿಯೊಬ್ಬ ಜೋಳದ ಚೀಲವನ್ನು ಹೊತ್ತು ಹಳ್ಳಿಯ ಮನೆಗೆ ಬರುತ್ತಾನೆ. ಹರಕುಮುರುಕು ಕನ್ನಡದಲ್ಲಿ ಸ್ವರ್ಗದ ದಾರಿಯನ್ನು ವಿವರಿಸುತ್ತಾನೆ. ಮನೆಯ ಯಜಮಾನ ಚೌಕಾಸಿಗೆ ಇಳಿಯುತ್ತಾನೆ: ಎರಡು ಸೇರಿಗೆ ಒಂದು ಪ್ರಾರ್ಥನೆ, ಚೀಲ ಪೂರ್ತಿಯಾದರೆ ಮನೆಮಂದಿಯೆಲ್ಲ. ಕೊನೆಯ ದೃಶ್ಯದಲ್ಲಿ, ಪಕ್ಕದ ಮಾರ್ಕೆಟ್ ಯಾರ್ಡಿನ ಅಂಗಡಿಯಿಂದ ತಂದ ತಕ್ಕಡಿಯ ಒಂದು ತಟ್ಟೆಯಲ್ಲಿ ಜೋಳ, ಇನ್ನೊಂದು ತಟ್ಟೆಯಲ್ಲಿ ಶಿಲುಬೆ ತೊಟ್ಟ ಅಜ್ಜಿ. ಸಭೆ ಬಹಳವಾಗಿ ನಕ್ಕಿತು.

ಸಭಿಕರಲ್ಲಿ ಗದಗ-ಬೆಟಗೇರಿ ಮೂಲದ ಕ್ರೈಸ್ತ ಕುಟುಂಬದ ಹಿರಿಯ ಮಹಿಳೆಯೊಬ್ಬರಿದ್ದರು. ಪಾದ್ರಿಯ ಪಾತ್ರಕ್ಕೆ ಅವರೂ ನಕ್ಕರು. ತಕ್ಕಡಿಯ ದೃಶ್ಯಕ್ಕೆ ನಗಲಿಲ್ಲ. ಚಹದ ಹೊತ್ತಿನಲ್ಲಿ ಅವರು ಹೇಳಿದ್ದು ಇಷ್ಟೆ: "ಪಾದ್ರಿಯನ್ನ ನೀವು ಎಷ್ಟು ಬೇಕಾದರೂ ಆಡಿಕೊಳ್ಳಿರಿ, ಅಣ್ಣಾ. ಆದರ ನಮ್ಮಜ್ಜಿನ್ನ ಯಾಕ ತೂಗಿದಿರಿ?" ಪ್ರಹಸನವನ್ನು ಬರೆದವರು ನಮ್ಮ ಕಡೆ ತಿರುಗಿ, ವಿಡಂಬನೆಗೆ ಎಲ್ಲೆಯುಂಟೇ ಎಂದು ಕೇಳಿದರು. ಆ ಪ್ರಶ್ನೆಯನ್ನು ಕನ್ನಡ ಸಾಹಿತ್ಯದ ಮತ್ತು ಪುಣೆಯ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಿಕೊಳ್ಳಬೇಕು. ಯಾರಿಗಾದರೂ ನೋವಾಯಿತೆಂಬುದೊಂದೇ ಎಲ್ಲೆ ಮೀರಿದ್ದಕ್ಕೆ ಪ್ರಮಾಣವಾಗಲಾರದು. ಹಾಗಾದಲ್ಲಿ ಕನ್ನಡದ ವಿಡಂಬನ ಪರಂಪರೆಯ ಬಹುಭಾಗವನ್ನು ಕೈಬಿಡಬೇಕಾದೀತು. 12ನೆಯ ಶತಮಾನದ ಬ್ರಹ್ಮಶಿವನ 'ಸಮಯಪರೀಕ್ಷೆ' ಜೈನೇತರ ಮತಗಳ ನಂಬಿಕೆಗಳನ್ನೂ ಆಚರಣೆಗಳನ್ನೂ ನಿರ್ದಾಕ್ಷಿಣ್ಯವಾಗಿ ಹಾಸ್ಯಮಾಡುತ್ತದೆ. 14ನೆಯ ಶತಮಾನದ ವೃತ್ತವಿಲಾಸನ 'ಧರ್ಮಪರೀಕ್ಷೆ'ಗೆ ಅಮಿತಗತಿಯು 1014ರಲ್ಲಿ ರಚಿಸಿದ ಸಂಸ್ಕೃತ ಕೃತಿಯೇ ಆಧಾರ. ಅದರ ತಂತ್ರ ಕುತೂಹಲಕಾರಿಯಾದುದು. ಮನೋವೇಗನೆಂಬವನು ತನ್ನ ಗೆಳೆಯ ಪವನವೇಗನನ್ನು ಜೈನಮತಕ್ಕೆ ಒಲಿಸಲು ಪಾಟಲೀಪುತ್ರಕ್ಕೆ ಕರೆದೊಯ್ಯುತ್ತಾನೆ. ಅಲ್ಲಿಯ ಪಂಡಿತರೆದುರು ನಂಬಲಾಗದ ಕಥೆಗಳನ್ನು ಹೇಳುತ್ತಾನೆ. ಅವರು ನಂಬಲೊಲ್ಲದಾಗ, ಇಂಥವೇ ಕಥೆಗಳು ನಿಮ್ಮ ಪುರಾಣಗಳಲ್ಲಿವೆಯಲ್ಲ ಎಂದು ತೋರಿಸುತ್ತಾನೆ. ಇಲ್ಲಿ ವಿಡಂಬನೆಯೇ ಮತಪ್ರಚಾರದ ಸಾಧನವಾಗಿದೆಯೆಂಬುದು ಗಮನಾರ್ಹ. ಮತಪ್ರಚಾರಕನು ಪರರನ್ನು ನಗುವ ಹಕ್ಕನ್ನು ಉಳ್ಳವನಾದರೆ, ಪರರೂ ಅವನನ್ನು ನಗುವ ಹಕ್ಕನ್ನು ಉಳ್ಳವರೇ. ಸತ್ಯವು ತನ್ನಲ್ಲಿದೆಯೆಂದು ಸಾರಲು ಬೀದಿಗೆ ಬಂದವನು ಬೀದಿಯ ಉತ್ತರವನ್ನು ಕೇಳಲು ಸಿದ್ಧನಿರಬೇಕು.

ಆದರೆ ಈ ಎರಡು ಜೈನ ಕೃತಿಗಳಲ್ಲಿ ಒಂದು ಸಮಾನವಾದ ಕೊರತೆಯೂ ಇದೆ. ಪರೀಕ್ಷೆ ಎಂಬ ಹೆಸರಿದ್ದರೂ ಪರೀಕ್ಷಕನ ಸ್ವಂತ ಮತವು ಆ ಒರೆಗಲ್ಲಿನ ಮೇಲೆ ಬರುವುದಿಲ್ಲ. ಇದಕ್ಕೆ ಪ್ರತಿಯಾಗಿ ಶರಣರ ವಚನಗಳನ್ನು ನೋಡಬಹುದು. ಅವು ಅನ್ಯಮತಗಳನ್ನು ಟೀಕಿಸುವಷ್ಟೇ ಕಟುವಾಗಿ ತಮ್ಮವರ ವೇಷಡಂಭವನ್ನೂ ಟೀಕಿಸುತ್ತವೆ. ಅಂಬಿಗರ ಚೌಡಯ್ಯನ ಮಾತಿನ ಪೆಟ್ಟು ಹುಸಿ ಗುರು-ಜಂಗಮರಿಗೂ ತಪ್ಪಿದ್ದಲ್ಲ. ತನ್ನನ್ನು ಹೊರಗಿಟ್ಟುಕೊಂಡ ವಿಡಂಬನೆಯು ವಾದದ ಒಂದು ಆಯುಧ; ತನ್ನನ್ನೂ ಒಳಗೊಂಡ ವಿಡಂಬನೆಯು ವಿಚಾರ. ಮೊದಲನೆಯದನ್ನು ನಿಷೇಧಿಸಬೇಕಾಗಿಲ್ಲ, ಆದರೆ ಎರಡನೆಯದರ ಗೌರವವನ್ನು ಅದಕ್ಕೆ ಕೊಡಲಾಗದು.

ಮತವಾದವು ಮಾತನ್ನು ಮೀರಿದರೆ ಏನಾಗುತ್ತದೆಂಬುದಕ್ಕೂ ಕನ್ನಡನಾಡಿನಲ್ಲಿ ಸಾಕ್ಷ್ಯವುಂಟು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು, ಏಕಾಂತದ ರಾಮಯ್ಯನು ಜೈನರೊಡನೆ ಪಂಥಕಟ್ಟಿ ತನ್ನ ತಲೆಯನ್ನರಿದು ಮರಳಿ ಪಡೆದನೆಂದೂ, ಬಳಿಕ ಜಿನಪ್ರತಿಮೆಯನ್ನು ಒಡೆದನೆಂದೂ ಹೇಳುತ್ತದೆ. ಇನ್ನೊಂದೆಡೆ, ಜೈನ-ಶ್ರೀವೈಷ್ಣವ ವಿವಾದವನ್ನು ಬುಕ್ಕರಾಯನು ಸಂಧಾನದಿಂದ ಬಗೆಹರಿಸಿದುದನ್ನು 1368ರ ಶ್ರವಣಬೆಳಗೊಳದ ಶಾಸನವು ದಾಖಲಿಸಿದೆ. ವಾದ ಮಾಡುವ ಎರಡು ಮತಗಳವರೂ ನಾಳೆ ಅದೇ ಊರಿನಲ್ಲಿ ಬಾಳಬೇಕೆಂಬ ತಿಳಿವಳಿಕೆ ಈ ಎರಡನೆಯ ಶಾಸನದ ತಿರುಳು.

ಆಧುನಿಕ ಕಾಲದಲ್ಲಿ ಕ್ರೈಸ್ತ ಮತಪ್ರಚಾರದೊಂದಿಗೆ ಪ್ರಶ್ನೆಯು ಹೊಸ ರೂಪ ತಳೆಯಿತು. 1836ರಲ್ಲಿ ಮಂಗಳೂರಿಗೆ ಬಂದ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗನು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದನು. ಹಿಂದೂ ಆಚಾರಗಳನ್ನು ಖಂಡಿಸಿ 'ಈರಾರು ಪತ್ರಗಳು' ಬರೆದವನೂ ಅವನೇ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನೂ ಅವನೇ. ಇಂಥ ವ್ಯಕ್ತಿಯನ್ನು ಒಂದೇ ಗೆರೆಯ ವ್ಯಂಗ್ಯಚಿತ್ರವಾಗಿ ಬಿಡಿಸುವುದು ಚರಿತ್ರೆಗೆ ಬಗೆಯುವ ಅನ್ಯಾಯ.

ಇನ್ನು ಪುಣೆಯತ್ತ ಬರೋಣ. ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಎರಡು ಪ್ರಸಂಗಗಳು ಈ ನಗರದಲ್ಲೇ ದೊರೆಯುತ್ತವೆ. ಮೊದಲನೆಯದು ಜ್ಯೋತಿಬಾ ಫುಲೆಯವರು 1855ರಲ್ಲಿ ಬರೆದ 'ತೃತೀಯ ರತ್ನ' ನಾಟಕ. ಜೋಶಿಯೊಬ್ಬ ಬಸುರಿ ಹೆಂಗಸನ್ನೂ ಅವಳ ಗಂಡನನ್ನೂ ಗ್ರಹಪೀಡೆಯ ಭಯ ಹುಟ್ಟಿಸಿ ಸುಲಿಯುತ್ತಾನೆ. ಪಾದ್ರಿಯೊಬ್ಬ ಅವರಿಗೆ ಉಪದೇಶಿಸುತ್ತಾನೆ. ವಿದೂಷಕನು ನಡುನಡುವೆ ಬಂದು ಟೀಕಿಸುತ್ತಾನೆ. ನಾಟಕವು ಪುರೋಹಿತನ ಮಟ್ಟಿಗೆ ಬಹು ಕಠೋರ, ಪಾದ್ರಿಯ ಮಟ್ಟಿಗೆ ಮೃದು. ಈ ಪಕ್ಷಪಾತವನ್ನು ವಿಮರ್ಶಕರು ಪ್ರಶ್ನಿಸಬಹುದು. ಆದರೆ ಮೋಸಹೋದ ದಂಪತಿಗಳನ್ನು ಫುಲೆಯವರು ನಗೆಗೀಡುಮಾಡುವುದಿಲ್ಲ. ಅವರು ಕೇಳುತ್ತಾರೆ, ಯೋಚಿಸುತ್ತಾರೆ. ಕೊನೆಯಲ್ಲಿ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿಯಲು ನಿಶ್ಚಯಿಸುತ್ತಾರೆ. ಅಂದರೆ ವಿಡಂಬನೆಯ ಗುರಿ ಸುಲಿಯುವವನು, ಸುಲಿಗೆಗೊಳಗಾದವನಲ್ಲ.

ಎರಡನೆಯದು ಪಂಡಿತಾ ರಮಾಬಾಯಿಯವರ ಪ್ರಸಂಗ. 1858ರಲ್ಲಿ ಕರ್ನಾಟಕದ ಸಹ್ಯಾದ್ರಿಯ ಗಂಗಾಮೂಲದಲ್ಲಿ ಜನಿಸಿದ ಈ ವಿದುಷಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ವಿಧವೆಯರ ಶಿಕ್ಷಣಕ್ಕಾಗಿ 1889ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಶಾರದಾ ಸದನವು ಮರುವರ್ಷ ಪುಣೆಗೆ ಬಂದಿತು. ಸದನದಲ್ಲಿ ಮತಬೋಧೆ ನಡೆಯುವುದಿಲ್ಲವೆಂಬ ಭರವಸೆಯಿತ್ತು. ಕೆಲವು ವಿದ್ಯಾರ್ಥಿನಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳತೊಡಗಿದಾಗ ಟಿಳಕರ 'ಕೇಸರಿ' ಕಟುವಾದ ಟೀಕೆಯನ್ನು ನಡೆಸಿತು. 1893ರಲ್ಲಿ ರಾನಡೆ, ಭಾಂಡಾರಕರ್ ಮೊದಲಾದವರು ಸಲಹಾ ಮಂಡಳಿಯನ್ನು ತೊರೆದರು. ಪೋಷಕರು ಹಲವು ಹುಡುಗಿಯರನ್ನು ಸದನದಿಂದ ಬಿಡಿಸಿಕೊಂಡು ಹೋದರು.

ಕೊಟ್ಟ ಭರವಸೆ ಏನಾಯಿತೆಂದು ಕೇಳುವುದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಅದನ್ನು ಮೊನಚಾದ ಮಾತಿನಲ್ಲಿ ಕೇಳಿದ್ದೂ ತಪ್ಪಲ್ಲ. ಆದರೆ ಆ ಇಡೀ ವಾದದಲ್ಲಿ ಯಾರ ಮಾತು ಕೇಳಿಸುತ್ತದೆ? ರಮಾಬಾಯಿಯವರದು, ಸಂಪಾದಕರದು, ಸುಧಾರಕರದು, ಪೋಷಕರದು. ಪ್ರಾರ್ಥನೆಗೆ ಕೂತ ಹುಡುಗಿ ಏಕೆ ಕೂತಳು, ತನ್ನ ಬುದ್ಧಿಯಿಂದಲೋ ಒತ್ತಾಯದಿಂದಲೋ ಎಂಬುದನ್ನು ಅವಳಿಂದಲೇ ಕೇಳುವ ಅಗತ್ಯ ಹೆಚ್ಚಿನವರಿಗೆ ತೋರಲಿಲ್ಲ. ಎರಡು ಪಕ್ಷಗಳ ಹೋರಾಟದಲ್ಲಿ ಅವಳು ಗೆಲ್ಲಬೇಕಾದ ವಸ್ತುವಾದಳು. ಸದನವನ್ನು ಬಿಟ್ಟುಹೋದವರ ಪಾಲಿಗೆ ಅಲ್ಲಿಯ ಓದೂ ಅಲ್ಲಿಗೆ ನಿಂತಿತು.

ಕಾನೂನು ಈ ಸೂಕ್ಷ್ಮವನ್ನು ಪೂರ್ತಿಯಾಗಿ ಹಿಡಿಯಲಾರದು. ಲಾಹೋರಿನಲ್ಲಿ ಪ್ರಕಟವಾದ ಒಂದು ಪುಸ್ತಿಕೆಯ ವಿವಾದದ ಬಳಿಕ 1927ರಲ್ಲಿ ದಂಡಸಂಹಿತೆಗೆ 295ಎ ಕಲಮು ಸೇರಿತು. 2024ರ ಜುಲೈಯಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮು ಇದೆ. ಉದ್ದೇಶಪೂರ್ವಕವೂ ದ್ವೇಷಪೂರಿತವೂ ಆದ ಅವಮಾನವಷ್ಟೇ ಇದರ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಸ್ಪಷ್ಟಪಡಿಸಿತು. ಸಂವಿಧಾನದ 25ನೆಯ ಅನುಚ್ಛೇದವು ಮತಪ್ರಚಾರದ ಹಕ್ಕನ್ನು ನೀಡುತ್ತದೆ. ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅದರಲ್ಲಿ ಅಡಕವಾಗಿಲ್ಲವೆಂದು ಅದೇ ನ್ಯಾಯಾಲಯವು 1977ರಲ್ಲಿ ಹೇಳಿತು. ಆ ತೀರ್ಪಿನ ಮಾತು ಮತಾಂತರಗೊಳ್ಳುವವನ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಮುಂದಿಡುತ್ತದೆ. ಪ್ರಚಾರಕನಿಗೆ ಹೇಳಿದ ಈ ಮಾತು ವಿಡಂಬನಕಾರನಿಗೂ ಅನ್ವಯಿಸತಕ್ಕುದೆಂದು ನಮ್ಮ ಅಭಿಪ್ರಾಯ.

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಹೀಗಿದೆ. ಮತಪ್ರಚಾರದಲ್ಲಿ ಮೂರು ಅಂಗಗಳಿವೆ: ಸಾರುವ ತತ್ತ್ವ, ಸಾರುವ ಬಗೆ, ಕೇಳುವ ಮನುಷ್ಯ. ಮೊದಲ ಎರಡನ್ನು ಎಷ್ಟು ತೀಕ್ಷ್ಣವಾಗಿಯಾದರೂ ವಿಡಂಬಿಸಬಹುದು. ಹಸಿವಿನ ಕಾಲದಲ್ಲಿ ಅನ್ನದೊಡನೆ ಉಪದೇಶವನ್ನು ಬೆರೆಸಿದವರಿದ್ದರೆ ಅವರು ನಗೆಪಾಟಲಾಗುವುದು ಉಚಿತವೇ. ಮೂರನೆಯದನ್ನು ಮನಸ್ಸಿಲ್ಲದ, ಬೆಲೆಕಟ್ಟಬಹುದಾದ ಸರಕೆಂದು ಚಿತ್ರಿಸಿದಾಗ ವಿಡಂಬನೆ ಎಲ್ಲೆ ಮೀರುತ್ತದೆ. ಏಕೆಂದರೆ ತಾನು ಯಾವುದನ್ನು ದೋಷವೆಂದು ಪಾದ್ರಿಯ ಮೇಲೆ ಹೊರಿಸಿತೋ ಆ ದೋಷವನ್ನೇ ಅದು ಮಾಡುತ್ತದೆ: ಮನುಷ್ಯನನ್ನು ಲೆಕ್ಕದ ಒಂದು ಅಂಕಿಯನ್ನಾಗಿ ನೋಡುತ್ತದೆ.

ಬಿಬವೇವಾಡಿಯ ಮಿತ್ರರಿಗೆ ನಾವು ಸೂಚಿಸಿದುದೂ ಇದನ್ನೇ. ಪಾದ್ರಿ ಇರಲಿ, ಅವನ ಹರಕು ಕನ್ನಡವಿರಲಿ, ಚೌಕಾಸಿಯೂ ಇರಲಿ. ತಕ್ಕಡಿಯ ತಟ್ಟೆಯಿಂದ ಅಜ್ಜಿಯನ್ನು ಇಳಿಸಿ ಅವಳಿಗೊಂದು ಮಾತು ಕೊಡಿ ಎಂದೆವು. ಆ ಮಾತು ಏನಿರಬೇಕೆಂದು ಲೇಖಕರು ಕೇಳಿದಾಗ, ಅದನ್ನು ನಾವು ಹೇಳಲಾರೆವು, ಬೆಟಗೇರಿಯವರನ್ನೇ ಕೇಳಿರಿ ಎಂದು ಉತ್ತರಿಸಿದೆವು. ನಾವು ಹೊರಡುವ ಹೊತ್ತಿಗೆ ಅವರಿಬ್ಬರೂ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದರು.