ಕಡಲ ನೀರು ತನ್ನಿ, ಜೀವಿಗಳನ್ನು ಬಿಡಿ

ವಾರಾಣಸಿಯಲ್ಲಿದ್ದುಕೊಂಡು ಮನೆಯಲ್ಲಿ ಕ್ಲೌನ್ ಮೀನು ಸಾಕುವವರು ಸಮುದ್ರವನ್ನು ಬಕೆಟ್ಟಿನಲ್ಲೇ ಕಲಸಿಕೊಳ್ಳಬೇಕು. ಲೀಟರ್ ಆರ್.ಒ. ನೀರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು. 200 ಲೀಟರ್ ತೊಟ್ಟಿಗೆ ಏಳು ಕಿಲೊ. ಅಡುಗೆ ಉಪ್ಪು ಇದಕ್ಕೆ ಆಗದು. ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಹದವಾಗಿ ಬೆರೆತಿರಬೇಕು. ಗಂಗೆಯ ದಡದ ಹವ್ಯಾಸಿಗೆ ಸಿಗದ ಭಾಗ್ಯ ನಮ್ಮ ಕರಾವಳಿಯವರಿಗಿದೆ: ಕಾರವಾರದಿಂದ ಉಳ್ಳಾಲದವರೆಗೆ ಅಸಲಿ ನೀರೇ ಮನೆ ಬಾಗಿಲಲ್ಲಿದೆ.

ಹಾಗೆಂದು ಕಂಡಲ್ಲಿ ಕ್ಯಾನ್ ಅದ್ದುವಂತಿಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ನದಿಗಳು ತಂದು ಸುರಿಯುವ ನೀರಿಗೆ ದಡದ ಕಡಲು ಕೆಂಪಾಗಿ, ಸಪ್ಪೆಯಾಗುತ್ತದೆ. ಅಳಿವೆ, ಬಂದರು, ಚರಂಡಿ ಸೇರುವ ಜಾಗ ಯಾವ ಕಾಲಕ್ಕೂ ಬೇಡ. ಜನವರಿಯಿಂದ ಏಪ್ರಿಲ್‌ವರೆಗಿನ ಶಾಂತ ದಿನಗಳಲ್ಲಿ, ಪರಿಚಯದ ಮೀನುಗಾರರ ದೋಣಿಯಲ್ಲಿ ಹೋಗಿ, ಅಲೆ ಒಡೆಯುವ ಜಾಗ ದಾಟಿದ ಮೇಲೆ ತುಂಬಿಕೊಂಡ ನೀರು ಉತ್ತಮ.

ಆ ನೀರಿನಲ್ಲಿ ಕಣ್ಣಿಗೆ ಕಾಣದ ಪ್ಲವಕಗಳು ತುಂಬಿರುತ್ತವೆ. ಕ್ಯಾನಿನೊಳಗೆ ಅವು ಸತ್ತು ಕೊಳೆತರೆ ಆಮ್ಲಜನಕ ಇಳಿಯುತ್ತದೆ, ಅಮೋನಿಯಾ ಏರುತ್ತದೆ. ಅದಕ್ಕೇ ದಪ್ಪ ಹತ್ತಿಬಟ್ಟೆಯಲ್ಲಿ ಸೋಸಿ, ಎರಡು ವಾರ ಕತ್ತಲಲ್ಲಿಟ್ಟು, ತಳದ ಕೆಸರು ಕದಡದಂತೆ ಮೇಲಿನ ತಿಳಿಯನ್ನಷ್ಟೇ ಪೈಪಿನಿಂದ ಇಳಿಸಿಕೊಳ್ಳಬೇಕು. ಆಮೇಲೆ ಏರ್ ಪಂಪಿನಿಂದ ಗಾಳಿ ಆಡಿಸಿ, ಹೈಡ್ರೋಮೀಟರ್ ಇಳಿಬಿಟ್ಟು ನೋಡಬೇಕು, ಸಾಪೇಕ್ಷ ಸಾಂದ್ರತೆ 1.023ರಿಂದ 1.025ರ ನಡುವೆ ಇದ್ದರೆ ಸರಿ. ಹೊಸಬರು ಎಡವುವುದು ತೊಟ್ಟಿಯ ನೀರು ಆವಿಯಾಗಿ ಇಳಿದಾಗ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆ ಕೊರತೆಗೆ ಕಡಲ ನೀರು ಸುರಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಆರ್.ಒ. ಸಿಹಿನೀರನ್ನೇ ತುಂಬಬೇಕು. ಇನ್ನು, ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನಿಲ್ಲದ ತೊಟ್ಟಿಯನ್ನು ನೋಡಿಕೊಂಡಿರುವ ತಾಳ್ಮೆ ಇಲ್ಲದವರಿಗೆ ಈ ಹವ್ಯಾಸ ಒಗ್ಗುವುದಿಲ್ಲ.

ಕಷ್ಟದ ಪ್ರಶ್ನೆ ಜೀವಿಗಳದ್ದು. ಇಳಿತದ ಹೊತ್ತಿಗೆ ಸೋಮೇಶ್ವರ ಕಡಲತೀರದ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಬಸವನಹುಳು, ಹೂವಿನಂತೆ ಅರಳುವ ಅನಿಮೋನ್, ಬೆರಳುದ್ದದ ಮೀನುಗಳು ಕಾಣುತ್ತವೆ. ಕೈ ಹಾಕುವ ಆಸೆ ಸಹಜ. ಬೇಡ ಎಂದೇ ಹೇಳುತ್ತೇನೆ. ಅನಿಮೋನ್‌ಗೆ ಪ್ರಖರ ಬೆಳಕೂ ಹಳೆಯದಾಗಿ ಪಳಗಿದ ತೊಟ್ಟಿಯೂ ಬೇಕು. ಹೊಸ ತೊಟ್ಟಿಯಲ್ಲಿ ಅದು ಸೊರಗಿ ಸಾಯುತ್ತದೆ. ಚಿತ್ತಾರದ ಚಿಪ್ಪಿನ ಕೋನ್ ಬಸವನಹುಳುವಿನ ವಿಷ ಮನುಷ್ಯರನ್ನೂ ಕೊಲ್ಲಬಲ್ಲದು. ಹವಳ, ಕಡಲಕುದುರೆ, ಕಡಲಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. 2001ರಲ್ಲಿ ಅವು ಪಟ್ಟಿಗೆ ಸೇರಿದವು. ಹವಳ ಅಂಟಿದ ಕಲ್ಲನ್ನು ಚೀಲಕ್ಕೆ ಹಾಕಿಕೊಂಡರೂ ಅಪರಾಧವೇ.

ಕಾನೂನಿಗಿಂತ ಹಳೆಯ ಪಾಠವೊಂದು ಇಂಗ್ಲೆಂಡಿನಲ್ಲಿದೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದಕ್ಕೆ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಫಿಲಿಪ್ ಹೆನ್ರಿ ಗಾಸ್ ಪ್ರಮುಖರು. ಕಡಲಿನಿಂದ ದೂರದ ಲಂಡನ್ನಿಗಾಗಿ ಲವಣಗಳನ್ನು ಬೆರೆಸಿ ಕೃತಕ ಸಮುದ್ರದ ನೀರು ಮಾಡಿದವರೂ ಅವರೇ. 1854ರಲ್ಲಿ ಅವರ ‘ದಿ ಅಕ್ವೇರಿಯಂ’ ಪುಸ್ತಕ ಹೊರಬಂದಿತು. ಮನೆಮನೆಗಳಲ್ಲಿ ತೊಟ್ಟಿಗಳು ಎದ್ದವು, ಜನ ಜಾಡಿ ಹಿಡಿದು ದಡಕ್ಕೆ ನುಗ್ಗಿದರು. ಅಲ್ಲಿನ ಬಂಡೆಗುಂಡಿಗಳು ಬರಿದಾದ ದುಃಖವನ್ನು ಗಾಸ್ ಅವರ ಮಗ ಎಡ್ಮಂಡ್ 1907ರಲ್ಲಿ ಬರೆದಿಟ್ಟರು. ಕೆಡುಕು ಬಯಸಿ ಬಂದವರು ಆ ಜನರಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಕಡಲಿನ ಮೇಲೆ ಪ್ರೀತಿಯೇ ಇತ್ತು.

ನಮಗೆ ಬೇರೆ ದಾರಿ ಇದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ಕೈವಶ ಮಾಡಿಕೊಂಡಿದ್ದಾರೆ. ಹಾಗೆ ಹುಟ್ಟಿದ ಮೀನಿಗೆ ತೊಟ್ಟಿಯ ಬದುಕೂ ಕೈಯಿಂದ ಹಾಕುವ ಆಹಾರವೂ ಮೊದಲೇ ರೂಢಿಯಾಗಿರುತ್ತದೆ. ಅಂಗಡಿಯಲ್ಲಿ ಮೀನು ಕೊಳ್ಳುವಾಗ ಕಡಲಲ್ಲಿ ಹಿಡಿದದ್ದೋ ತೊಟ್ಟಿಯಲ್ಲಿ ಹುಟ್ಟಿದ್ದೋ ಎಂದು ಕೇಳಿ. ಸಾಕಿ ಸಾಕಾಯಿತೆಂದು ಅದನ್ನು ಕಡಲಿಗೆ ಬಿಡಬೇಡಿ, ತೊಟ್ಟಿಯ ರೋಗ ಅಲ್ಲಿನ ಮೀನುಗಳಿಗೆ ಹಬ್ಬೀತು. ಬಂಡೆಗುಂಡಿ ನೋಡಲು ಹೋದಾಗ ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಟ್ಟು ಬನ್ನಿ.