ಹತ್ತು ಸಾವಿರದ ಫೋನಿನಲ್ಲಿ ಏನು ನೋಡಬೇಕು?

ಹಳೆಯ ಫೋನ್ ಕೈಕೊಡುವ ರೀತಿ ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಒಂದೇ. ಬೆಳಿಗ್ಗೆ ಪೂರ್ತಿ ಚಾರ್ಜ್ ಆಗಿದ್ದದ್ದು ಊಟದ ಹೊತ್ತಿಗೆ ಇಪ್ಪತ್ತಕ್ಕೆ ಇಳಿದಿರುತ್ತದೆ. ತರಕಾರಿ ಅಂಗಡಿಯಲ್ಲಿ ದುಡ್ಡು ಕಳಿಸೋಣವೆಂದರೆ ಆ್ಯಪ್ ತೆರೆದುಕೊಳ್ಳುವುದೇ ಇಲ್ಲ, ಹಿಂದೆ ನಿಂತವರು ಗೊಣಗುತ್ತಾರೆ. ಕೈಯಲ್ಲಿ ಇರುವುದು ಹತ್ತು ಸಾವಿರ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು 50 ಮೆಗಾಪಿಕ್ಸೆಲ್, 5ಜಿ, ‘16 ಜಿಬಿ ರ‍್ಯಾಮ್’ ಎಂಬ ಸ್ಟಿಕ್ಕರುಗಳು. ಇಂಥ ಬೆಲೆಯ ಫೋನಿಗೆ ನಾನು ಹಿಡಿಯುವ ಅಳತೆ ಒಂದೇ: ಮುಂದೆ ಬದಲಾಯಿಸಲು ಬಾರದ ಭಾಗಕ್ಕೆ ದುಡ್ಡು ಹಾಕಬೇಕು. ಬದಲಾಯಿಸಬಹುದಾದದ್ದನ್ನು ಆಮೇಲೆ ನೋಡಿಕೊಳ್ಳಬಹುದು.

ಬದಲಾಯಿಸಬಹುದಾದದ್ದರಲ್ಲಿ ಮೊದಲನೆಯದು ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ, ಬಳಸುವಾಗ ವಾಪಸಾಗುತ್ತವೆ. ಮೊದಮೊದಲ ಚಾರ್ಜಿನಲ್ಲೇ ಗ್ರಾಫೈಟಿನ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಅದು ಬೇಕು, ಒಳಗಿನ ದ್ರಾವಣ ಮತ್ತಷ್ಟು ಕೆಡದಂತೆ ತಡೆಯುವುದು ಅದೇ. ಆದರೆ ವರ್ಷ ಕಳೆದಂತೆ ಪೊರೆ ದಪ್ಪವಾಗುತ್ತದೆ, ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಕೊಂಡು ಕೆಲಸಕ್ಕೆ ಬಾರದಾಗುತ್ತದೆ, ವಿದ್ಯುತ್ ಹರಿಯಲು ಒಳಗೇ ಅಡ್ಡಿ ಹೆಚ್ಚುತ್ತದೆ. ಶೇಕಡಾ ಮೂವತ್ತು ತೋರಿಸುತ್ತಿದ್ದ ಫೋನ್ ಕ್ಯಾಮೆರಾ ತೆರೆದ ಕೂಡಲೇ ಆರಿಹೋಗುವುದು ಇದರಿಂದಲೇ. ಕ್ಯಾಮೆರಾ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳುತ್ತದೆ, ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಹಾಗಾಗದಿರಲೆಂದು ಹಳೆಯ ಐಫೋನ್‌ಗಳ ಪ್ರೊಸೆಸರ್ ವೇಗವನ್ನು ತಾನೇ ತಗ್ಗಿಸುತ್ತಿದ್ದುದಾಗಿ ಆಪಲ್ ಕಂಪನಿ 2017ರಲ್ಲಿ ಒಪ್ಪಿಕೊಂಡಿತ್ತು. ಈ ಪೊರೆ ಬೆಳೆಯಲು ಬಿಸಿಯೇ ದೊಡ್ಡ ಕಾರಣ. ಏಪ್ರಿಲ್‌ನ ರಾಯಚೂರಿನ ಬಿಸಿಲಲ್ಲಿ ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಮ್ಯಾಪ್ ನೋಡುತ್ತಾ ಆರ್ಡರ್ ತಲುಪಿಸುವ ಹುಡುಗರ ಬ್ಯಾಟರಿ ಬೇಗ ಸೋಲುವುದು ಸಹಜ.

ಹಾಗಾಗಿ ಹೊಸದು ಕೊಳ್ಳುವ ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿಯ ಬೆಲೆ ಕೇಳಿ. ಉಳಿದೆಲ್ಲ ಸರಿಯಿದ್ದರೆ ಹತ್ತು ಸಾವಿರದಲ್ಲಿ ಬಹುಪಾಲು ಉಳಿದೀತು. ಹಿಂದಿನ ಕವರ್ ಉಬ್ಬಿದ್ದರೆ ಮಾತ್ರ ತಡಮಾಡಬೇಡಿ, ಒಳಗೆ ಅನಿಲ ತುಂಬಿದೆ ಎಂದರ್ಥ. ಅಂಥದ್ದನ್ನು ಚಾರ್ಜಿಗೆ ಹಾಕಲೇಬಾರದು.

ಬದಲಾಯಿಸಲು ಬಾರದ್ದು ಸ್ಟೋರೇಜ್. ಅದು ಬೋರ್ಡಿಗೇ ಬೆಸೆದ ಚಿಪ್. ಅಗ್ಗದ ಫೋನುಗಳಲ್ಲಿ ಎರಡು ಬಗೆಯವು ಬರುತ್ತವೆ, ಇಎಂಎಂಸಿ ಮತ್ತು ಯುಎಫ್‌ಎಸ್. ಇಎಂಎಂಸಿ ಒಂದೇ ಗಾಡಿ ಹೋಗುವ ಸೇತುವೆಯಿದ್ದಂತೆ: ಓದುವಾಗ ಬರೆಯಲಾಗದು, ಬರೆಯುವಾಗ ಓದಲಾಗದು. ಯುಎಫ್‌ಎಸ್‌ನಲ್ಲಿ ಎರಡೂ ಏಕಕಾಲಕ್ಕೆ ನಡೆಯುತ್ತವೆ. ಇಎಂಎಂಸಿ 5.1ರ ಗರಿಷ್ಠ ಮಿತಿ ಸೆಕೆಂಡಿಗೆ 400 ಮೆಗಾಬೈಟ್, ಯುಎಫ್‌ಎಸ್ 2.2ರದ್ದು ಸುಮಾರು 1,200. ಬಳಕೆಯಲ್ಲಿ ಎರಡೂ ಅಷ್ಟು ಮುಟ್ಟುವುದಿಲ್ಲ, ಆದರೂ ವ್ಯತ್ಯಾಸ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಇಳಿಯುತ್ತಿರುವಾಗಲೇ ಪಾವತಿ ಆ್ಯಪ್ ತೆರೆದು ನೋಡಿ, ಗೊತ್ತಾಗುತ್ತದೆ.

ಇನ್ನೊಂದು ಸಂಗತಿ. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲು ಆಗುವುದಿಲ್ಲ. ಮೊದಲು ಒಂದಿಡೀ ಬ್ಲಾಕ್ ಅಳಿಸಬೇಕು, ಅದಕ್ಕೂ ಮುಂಚೆ ಅದರಲ್ಲಿ ಉಳಿಯಬೇಕಾದದ್ದನ್ನು ಬೇರೆಡೆಗೆ ಸಾಗಿಸಬೇಕು. ಜಾಗ ಧಾರಾಳವಾಗಿದ್ದಾಗ ಈ ಕೆಲಸ ನಮಗೆ ತಿಳಿಯದಂತೆ ಹಿನ್ನೆಲೆಯಲ್ಲಿ ನಡೆಯುತ್ತದೆ. ತುಂಬಿದಾಗ ಪ್ರತಿ ಫೋಟೊಗೂ ಫೋನ್ ತಡವರಿಸುತ್ತದೆ. ‘ಗುಡ್ ಮಾರ್ನಿಂಗ್’ ಚಿತ್ರಗಳಿಂದಲೇ ತುಂಬುವ ನಮ್ಮ ಫೋನುಗಳಿಗೆ 64 ಜಿಬಿ ಸಾಲದು, 128 ಬೇಕು. ಚಿಪ್ ಯಾವ ಬಗೆಯದೆಂದು ಡಬ್ಬದ ಮೇಲೆ ಇರದಿದ್ದರೂ ಕಂಪನಿಯ ಜಾಲತಾಣದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಲ್ಲೂ ಇಲ್ಲವೆಂದರೆ ಇಎಂಎಂಸಿ ಎಂದೇ ಲೆಕ್ಕ ಹಿಡಿಯುವುದು ಕ್ಷೇಮ.

‘16 ಜಿಬಿ ರ‍್ಯಾಮ್’ ಸ್ಟಿಕ್ಕರಿನ ಕತೆ ಬಿಡಿಸಿಕೊಳ್ಳುವುದೂ ಇಲ್ಲೇ. ಅದರಡಿಯ ಚಿಕ್ಕ ಅಕ್ಷರಗಳನ್ನು ಓದಿದರೆ 8+8 ಎಂದೋ 4+12 ಎಂದೋ ಇರುತ್ತದೆ. ಎರಡನೆಯ ಅಂಕಿ ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಕಡ ತಂದ ಜಾಗ. ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ. ಕೊಳ್ಳುವವರು ಮೊದಲ ಅಂಕಿಯನ್ನಷ್ಟೇ ನೋಡಬೇಕು, ಆರು ಇದ್ದರೆ ನೆಮ್ಮದಿ.

ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ನಮ್ಮ ಕೈಯಲ್ಲಿಲ್ಲ. ಬ್ಯಾಂಕಿನ ಬಾಗಿಲೇ ಫೋನಿನಲ್ಲಿರುವಾಗ ಭದ್ರತಾ ಅಪ್‌ಡೇಟ್ ನಿಂತುಹೋದ ಫೋನ್ ಹಿಡಿದು ಓಡಾಡುವುದು ನನಗೆ ಭಯದ ವಿಷಯ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ ನಿಯಮ ಬಂದಿದೆ: ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು, 800 ಬಾರಿ ಪೂರ್ತಿ ಚಾರ್ಜ್ ಆದಮೇಲೂ ಬ್ಯಾಟರಿಯ ಸಾಮರ್ಥ್ಯ ಕನಿಷ್ಠ ಶೇಕಡಾ 80 ಉಳಿದಿರಬೇಕು. ನಮ್ಮಲ್ಲಿ ಕಂಪನಿ ಹೇಳಿದ್ದೇ ಅವಧಿ, ಅದನ್ನೂ ಸಾಮಾನ್ಯವಾಗಿ ಮಾದರಿ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ, ನೀವು ಕೊಂಡ ದಿನದಿಂದಲ್ಲ. ಹಬ್ಬದ ಸೇಲಿನಲ್ಲಿ ಅಗ್ಗವಾಗಿ ಕಂಡದ್ದು ಎರಡು ವರ್ಷದ ಹಿಂದಿನ ಮಾದರಿಯಾದರೆ ಆ ಎರಡು ವರ್ಷ ಆಗಲೇ ಹೋಯಿತು.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಕೂಡಿಸಿ ಒಂದು ಮಾಡುತ್ತದೆ, ಕೈಗೆ ಬರುವ ಚಿತ್ರ 12.5 ಮೆಗಾಪಿಕ್ಸೆಲ್‌ನದು. ಪಕ್ಕದ 2 ಮೆಗಾಪಿಕ್ಸೆಲ್ ಲೆನ್ಸುಗಳು ಎಣಿಕೆ ತುಂಬಿಸಲು ಇರುವಂಥವು.

ಈ ಅಳತೆಯಲ್ಲಿ ನೋಡಿದರೆ ಸೆಕೆಂಡ್‌ಹ್ಯಾಂಡ್ ಫೋನಿಗೆ ಒಳ್ಳೆಯ ಅಂಕ ಸಿಗುತ್ತದೆ. ಎರಡು ಮೂರು ವರ್ಷದ ಹಿಂದೆ ಇಪ್ಪತ್ತೈದು ಸಾವಿರ ಇದ್ದ ಫೋನಿನಲ್ಲಿ ಬದಲಾಯಿಸಲಾಗದ ಭಾಗಗಳೇ ಗಟ್ಟಿ, ಸವೆದಿರುವುದು ಬ್ಯಾಟರಿ. ಅಪ್‌ಡೇಟ್ ಇನ್ನೂ ಎರಡು ವರ್ಷ ಬಾಕಿ ಇದ್ದರೆ ಹೊಸ ಅಗ್ಗದ ಫೋನಿಗಿಂತ ಅದನ್ನೇ ನಾನು ಆರಿಸುವುದು. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟೋ, ನಿಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಮಳಿಗೆಯೋ, ಕೌಂಟರಿನಲ್ಲೇ ನಿಂತು ಪರೀಕ್ಷಿಸಿ. ಬಿಳಿ ಚಿತ್ರವೊಂದನ್ನು ಪರದೆ ತುಂಬ ಇಟ್ಟರೆ ಕಲೆ, ಗೆರೆ, ಹಳೆಯ ಅಕ್ಷರಗಳ ನೆರಳು ಕಾಣಿಸುತ್ತವೆ. *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ, ಫೋನ್ ಕಳುವಿನದೆಂದು ತಡೆಹಿಡಿದದ್ದೇ ಎಂದು ತಿಳಿಯುತ್ತದೆ. ಸಂಚಾರ್ ಸಾಥಿ ತಾಣದಲ್ಲೂ ಇದನ್ನು ನೋಡಬಹುದು. ಕೊನೆಗೆ, ಹಳೆಯ ಮಾಲೀಕರ ಗೂಗಲ್ ಖಾತೆ ತೆಗೆಸಿ, ನಿಮ್ಮೆದುರಿಗೇ ರೀಸೆಟ್ ಮಾಡಿಸಿ, ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ ನೋಡಿ. ಫೋನ್ ತೆರೆದುಕೊಳ್ಳುವಾಗ ಹಿಂದಿನವರ ಪಾಸ್‌ವರ್ಡ್ ಕೇಳಿದರೆ, ‘ಆಮೇಲೆ ಸರಿಮಾಡಿಕೊಡ್ತೀನಿ ಅಣ್ಣ’ ಎಂದು ಅಂಗಡಿಯವರು ಎಷ್ಟೇ ಹೇಳಲಿ, ದುಡ್ಡು ಕೊಡಬೇಡಿ.