ಹಾಡು ಬಂತು, ಚಿತ್ರ ಎಲ್ಲಿ ಹೋಯ್ತು?

ಲ್ಯಾಪ್‌ಟಾಪ್‌ನಲ್ಲಿರುವ ಹಾಡುಗಳನ್ನು ಮನೆಯ ವೈಫೈ ಮೂಲಕ ಟಿವಿಯಲ್ಲಿ ಕೇಳುವವರು ಒಂದು ಸಂಗತಿ ಗಮನಿಸಿರಬಹುದು. ಹಾಡು ತಡೆಯಿಲ್ಲದೆ ಬರುತ್ತದೆ. ಆದರೆ ಆಲ್ಬಮ್‌ನ ಚಿತ್ರ ಇರಬೇಕಾದ ಚೌಕದಲ್ಲಿ ಬೂದು ಬಣ್ಣದ ಸಂಗೀತದ ಗುರುತೊಂದು ಕೂತಿರುತ್ತದೆ. ಹೆಚ್ಚಿನವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಾಡು ಕೇಳಿಸಿದರೆ ಸಾಕಲ್ಲ, ಚಿತ್ರ ಯಾರಿಗೆ ಬೇಕು?

ನಮ್ಮ ಮನೆಯಲ್ಲಿ ಅದು ಬೇಕಿದ್ದದ್ದು ಅಜ್ಜಿಗೆ. ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಮರದ ಪೆಟ್ಟಿಗೆಯಲ್ಲಿದ್ದ 52 ಕ್ಯಾಸೆಟ್‌ಗಳಲ್ಲಿ ತಮಗೆ ಬೇಕಾದದ್ದನ್ನು ಯಾರನ್ನೂ ಕೇಳದೆ ತೆಗೆದು ಹಾಕಿಕೊಳ್ಳುತ್ತಿದ್ದರು. ಹಳದಿ ಕವರಿನದು ಭಾವಗೀತೆ, ಮಂಜುನಾಥಸ್ವಾಮಿಯ ಚಿತ್ರ ಇರುವುದು ಸೋಮವಾರದ್ದು, ಮೂಲೆ ಹರಿದದ್ದು ರಾಜ್‌ಕುಮಾರ್ ಅವರ ಭಕ್ತಿಗೀತೆ. ಕವರ್‌ಗಳೇ ಅವರ ಅಕ್ಷರಮಾಲೆ. ಟೇಪ್‌ ರೆಕಾರ್ಡರ್ ಕೆಟ್ಟು, ರಿಪೇರಿ ಮಾಡುವವರೂ ಸಿಗದೇ ಹೋದಾಗ, ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಕ್ಯಾಸೆಟ್‌ಗಳನ್ನೆಲ್ಲ ಒಯ್ದು ಎಂಪಿ3 ಮಾಡಿಸಿಕೊಂಡು ಬಂದರು. ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಅದರಲ್ಲಿ ಮಿನಿಡಿಎಲ್‌ಎನ್‌ಎ ಎಂಬ ಉಚಿತ ತಂತ್ರಾಂಶ ಕೂರಿಸಿದರು. ಟಿವಿಯ ರಿಮೋಟ್ ಒತ್ತಿದರೆ ಹಾಡು ಬರಬೇಕು, ಬಂತು. ಆದರೆ ಪರದೆಯ ಮೇಲೆ ಸಾಲಾಗಿ ನಿಂತ ಚೌಕಗಳಲ್ಲಿ 11ಕ್ಕೆ ಮಾತ್ರ ಚಿತ್ರ. ಉಳಿದವೆಲ್ಲ ಬೂದು.

'ಎಲ್ಲಾ ಒಂದೇ ತರ ಕಾಣ್ತವೆ ಕಣಪ್ಪ, ಯಾವುದು ಅಂತ ಒತ್ತಲಿ?' ಎಂದು ಕೇಳಿದ ಅಜ್ಜಿ, ಎರಡು ವಾರದಲ್ಲಿ ಕೇಳುವುದನ್ನೂ ಬಿಟ್ಟರು. ಹಾಡು ಹಾಕಿಕೊಡಿ ಎಂದು ಪ್ರತಿಸಲ ಇನ್ನೊಬ್ಬರನ್ನು ಕರೆಯುವುದು ಅವರಿಗೆ ಇಷ್ಟವಿಲ್ಲ. ಸೆಮಿಸ್ಟರ್ ರಜೆಗೆ ಊರಿಗೆ ಹೋದ ನನ್ನ ಪಾಲಿಗೆ ಬಂದದ್ದು ಈ ಕೆಲಸ.

ಅಂದಹಾಗೆ, ಹಾಡಿಗೂ ಚಿತ್ರಕ್ಕೂ ಗಂಟು ಹಾಕಿದ್ದು ನಮ್ಮ ವಯಸ್ಸಿನವನೇ ಒಬ್ಬ. ಅದಕ್ಕೂ ಮೊದಲು ಗ್ರಾಮಫೋನ್ ತಟ್ಟೆಗಳು ಸಾಮಾನ್ಯವಾಗಿ ಸಾದಾ ಕಾಗದದ ಲಕೋಟೆಯಲ್ಲಿ ಬರುತ್ತಿದ್ದವು. 1940ರ ಹೊತ್ತಿಗೆ ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವ ಕಲಾವಿದ ಕವರಿನ ಮೇಲೆ ಚಿತ್ರ ಬಿಡಿಸುವ ಪದ್ಧತಿ ತಂದ. ಆಗ ಆತನಿಗೆ 23 ವರ್ಷದ ಆಸುಪಾಸು.

ಈಗ ನಮ್ಮ ಬೂದು ಚೌಕಗಳಿಗೆ ಬರೋಣ. ಮನೆಯಲ್ಲಿ ಎಲ್ಲರೂ ಹೇಳಿದ್ದು 'ವೈಫೈ ಸ್ಲೋ ಇರಬೇಕು' ಎಂದು. ಗೆಳೆಯನೊಬ್ಬ ರೂಟರ್ ಬದಲಿಸಲು ಹೇಳಿದ. ಸ್ವಲ್ಪ ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. 128 ಕೆಬಿಪಿಎಸ್‌ನ 5 ನಿಮಿಷದ ಒಂದು ಹಾಡು ಸುಮಾರು 4.8 ಎಂಬಿ ತೂಗುತ್ತದೆ. ಪುಟ್ಟ ಕವರ್ ಚಿತ್ರಕ್ಕೆ ಹತ್ತಿಪ್ಪತ್ತು ಕೆಬಿ ಸಾಕು. ಆನೆ ದಾಟಿ ಬಂದ ಬಾಗಿಲಲ್ಲಿ ಇರುವೆ ಸಿಕ್ಕಿಕೊಳ್ಳುತ್ತದೆಯೇ? ಎರಡೂ ಬರುವುದು ಅದೇ ಲ್ಯಾಪ್‌ಟಾಪಿನಿಂದ, ಅದೇ ದಾರಿಯಲ್ಲಿ. ಹೊಸ ರೂಟರ್‌ಗೆ ದುಡ್ಡು ಸುರಿಯುವ ಮೊದಲು ಇಷ್ಟನ್ನು ಯೋಚಿಸುವುದು ಒಳ್ಳೆಯದು.

ಹಾಗಾದರೆ ಚಿತ್ರ ಬರುವುದು ಹೇಗೆ? ಟಿವಿ ಮೊದಲು 'ಇಲ್ಲಿ ಹಾಡು ಕೊಡುವವರು ಯಾರಾದರೂ ಇದ್ದೀರಾ' ಎಂದು ಇಡೀ ಮನೆಗೆ ಕೇಳುವಂತೆ ಕೂಗುತ್ತದೆ. 239.255.255.250 ಎಂಬ ಸಾಮೂಹಿಕ ವಿಳಾಸಕ್ಕೆ, 1900ನೇ ಪೋರ್ಟ್‌ಗೆ ಹೋಗುವ ಕೂಗು ಅದು. ಲ್ಯಾಪ್‌ಟಾಪ್ 'ನಾನಿದ್ದೇನೆ' ಎನ್ನುತ್ತದೆ. ಆಮೇಲೆ ಟಿವಿ ಪಟ್ಟಿ ಕೇಳುತ್ತದೆ, ಲ್ಯಾಪ್‌ಟಾಪ್ ಎಕ್ಸ್‌ಎಂಎಲ್ ರೂಪದ ಪಟ್ಟಿ ಕೊಡುತ್ತದೆ. ಅದರಲ್ಲಿ ಹಾಡಿನ ಹೆಸರು, ಹಾಡಿರುವ ವಿಳಾಸ ಮತ್ತು ಚಿತ್ರ ಇರುವ ಇನ್ನೊಂದು ವಿಳಾಸ ಇರುತ್ತವೆ. ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಪಟ್ಟಿಯ ಜೊತೆ ಚಿತ್ರ ಬರುವುದಿಲ್ಲ, ಅದರ ವಿಳಾಸ ಮಾತ್ರ ಬರುತ್ತದೆ. ಮದುವೆ ಕಾಗದದಲ್ಲಿ ಛತ್ರದ ವಿಳಾಸ ಇರುತ್ತದಲ್ಲ, ಊಟ ಬೇಕಾದರೆ ನಾವೇ ಅಲ್ಲಿಗೆ ಹೋಗಬೇಕು. ಹಾಗೆ ಟಿವಿ ತಾನಾಗಿ ಹೋಗಿ ಚಿತ್ರ ತರಬೇಕು. ಹಾಡಿಗೊಂದು ಪಯಣ, ಚಿತ್ರಕ್ಕೆ ಬೇರೆಯೇ ಪಯಣ. ಆದ್ದರಿಂದಲೇ ಒಂದು ತಲುಪಿ ಇನ್ನೊಂದು ತಲುಪದೇ ಇರಬಹುದು.

ಇಷ್ಟು ಗೊತ್ತಾದರೆ ಎಲ್ಲಿ ನಿಂತು ನೋಡಬೇಕು ಎಂಬುದೂ ಗೊತ್ತಾಗುತ್ತದೆ. ಒಂದು ತುದಿಯಿಂದ ಒಂದೊಂದೇ ಫೈಲ್ ತೆರೆದು ನೋಡುತ್ತ ಹೋದರೆ ರಜೆಯೇ ಮುಗಿದುಹೋಗುತ್ತದೆ. ನಾನು ನಡುದಾರಿಯಲ್ಲಿ ನಿಂತೆ. ನೆಟ್‌ವರ್ಕ್ಸ್ ಲ್ಯಾಬ್‌ನಲ್ಲಿ ವೈರ್‌ಶಾರ್ಕ್ ಬಳಸಿದವರಿಗೆ ಇದು ಸುಲಭ. ಅದನ್ನು ಹಾಡು ಕೊಡುವ ಲ್ಯಾಪ್‌ಟಾಪ್‌ನಲ್ಲೇ ಓಡಿಸಬೇಕು. ಮಿನಿಡಿಎಲ್‌ಎನ್‌ಎ ಮಾತಾಡುವುದು ಸಾಮಾನ್ಯವಾಗಿ 8200ನೇ ಪೋರ್ಟ್‌ನಲ್ಲಿ, ಆ ಸಂಖ್ಯೆಗೆ ಫಿಲ್ಟರ್ ಹಾಕಿದರೆ ಟಿವಿ ಕೇಳಿದ್ದು, ಲ್ಯಾಪ್‌ಟಾಪ್ ಕೊಟ್ಟದ್ದು ಎರಡೂ ಕಾಣುತ್ತವೆ. ಟಿವಿ ಚಿತ್ರ ಕೇಳಲೇ ಇಲ್ಲವೆಂದರೆ ಪಟ್ಟಿಯಲ್ಲಿ ವಿಳಾಸವೇ ಇಲ್ಲ ಎಂದು ಅನುಮಾನಿಸಬೇಕು. ಆಗ ತಪ್ಪು ಫೈಲಿನ ಕಡೆ ಇದೆ. ಕೇಳಿತು, 200 ಎಂಬ ಉತ್ತರದ ಜೊತೆ ಚಿತ್ರವೂ ಹೋಯಿತು, ಆದರೂ ಪರದೆ ಬೂದು ಎಂದರೆ ಟಿವಿಗೆ ಆ ಚಿತ್ರ ಅರ್ಥವಾಗಿಲ್ಲ. ವೈರ್‌ಶಾರ್ಕ್ ಬೇಡ ಎನ್ನುವವರು ಚಿತ್ರದ ವಿಳಾಸ ಸಿಕ್ಕರೆ ಅದನ್ನು ಅದೇ ವೈಫೈನಲ್ಲಿರುವ ಮೊಬೈಲ್‌ನ ಬ್ರೌಸರ್‌ನಲ್ಲಿ ತೆರೆದು ನೋಡಬಹುದು. ಕ್ಯಾಂಪಸ್ ಸಂದರ್ಶನಗಳಲ್ಲಿ 'ಬ್ರೌಸರ್‌ನಲ್ಲಿ ವಿಳಾಸ ಒತ್ತಿದಾಗ ಏನೇನಾಗುತ್ತದೆ' ಎಂದು ಕೇಳುತ್ತಾರಲ್ಲ, ಅದರ ಉತ್ತರದ ದೊಡ್ಡ ಪಾಲು ನಮ್ಮ ಹಾಲ್‌ನಲ್ಲೇ ನಡೆಯುತ್ತಿತ್ತು.

ನಮ್ಮ ಟಿವಿ ಹೆಚ್ಚಿನ ಆಲ್ಬಮ್‌ಗಳಿಗೆ ಚಿತ್ರ ಕೇಳಿರಲೇ ಇಲ್ಲ. ಹಾಗಾಗಿ ಫೈಲ್‌ಗಳ ಕಡೆ ತಿರುಗಿದೆ.

ಚಿತ್ರ ಇರಬಹುದಾದ ಜಾಗಗಳು ಎರಡು. ಒಂದು, ಎಂಪಿ3 ಫೈಲಿನ ಹೊಟ್ಟೆಯಲ್ಲೇ. ಹಾಡಿನ ವಿವರ ಬರೆದಿಡುವ ಐಡಿ3 ಟ್ಯಾಗ್‌ನಲ್ಲಿ ಚಿತ್ರಕ್ಕೂ ಒಂದು ಖಾನೆ ಇದೆ. ಇದು ಬಂದದ್ದು ಎರಡನೇ ಆವೃತ್ತಿಯಲ್ಲಿ. 1996ರ ಮೊದಲ ಆವೃತ್ತಿ ಎಂದರೆ ಫೈಲಿನ ಕೊನೆಯ 128 ಬೈಟ್ ಅಷ್ಟೇ, ಹಾಡಿನ ಹೆಸರಿಗೆ ಅದರಲ್ಲಿ 30 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ನಿತ್ಯೋತ್ಸವ' ಎಂದು ಬರೆಯುವಷ್ಟರಲ್ಲಿ 30 ಬೈಟೂ ಖಾಲಿ! ಅಲ್ಲಿ ಚಿತ್ರಕ್ಕೆ ಜಾಗ ಎಲ್ಲಿಂದ ಬರಬೇಕು? ಎರಡನೆಯ ಜಾಗ, ಹಾಡುಗಳಿರುವ ಫೋಲ್ಡರ್. ಅಲ್ಲಿ ಬಿಡಿಯಾಗಿ ಒಂದು ಚಿತ್ರ ಇಟ್ಟರೂ ಸರ್ವರ್ ಅದನ್ನು ಎತ್ತಿಕೊಳ್ಳುತ್ತದೆ.

ಆದರೆ ಯಾವುದೇ ಚಿತ್ರವನ್ನು ಎತ್ತಿಕೊಳ್ಳುವುದಿಲ್ಲ. ಚಿಕ್ಕಪ್ಪ ಪ್ರತಿ ಕವರನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದು ಆಯಾ ಫೋಲ್ಡರ್‌ಗೆ ಹಾಕಿದ್ದರು. ಫೋಟೊಗಳ ಹೆಸರು ಮಾತ್ರ ಕ್ಯಾಮೆರಾ ಕೊಟ್ಟ ಉದ್ದುದ್ದ ಸಂಖ್ಯೆಗಳೇ ಆಗಿದ್ದವು. ಸರ್ವರ್ ಹುಡುಕುವುದು ತನ್ನ ಸೆಟ್ಟಿಂಗ್ಸ್‌ನಲ್ಲಿ ಬರೆದಿಟ್ಟ ಕೆಲವೇ ಹೆಸರುಗಳನ್ನು: ಕವರ್, ಫೋಲ್ಡರ್, ಆಲ್ಬಮ್‌ಆರ್ಟ್, ಥಂಬ್ ಇಂಥವು. ಲಿನಕ್ಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದೂ ನೆನಪಿರಲಿ. ಪಟ್ಟಿಯಲ್ಲಿ 'ಫೋಲ್ಡರ್' ಎಂಬುದು ಮೊದಲಕ್ಷರ ಮಾತ್ರ ದೊಡ್ಡದಾಗಿ ಒಮ್ಮೆ, ಎಲ್ಲವೂ ಸಣ್ಣದಾಗಿ ಇನ್ನೊಮ್ಮೆ ಇದೆ. ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಅದಕ್ಕೆ ಬೇರೆಯೇ ಫೈಲ್. ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು ಎಲ್ಲ ಫೋಟೊಗಳ ಹೆಸರನ್ನೂ ಸಣ್ಣಕ್ಷರದ 'ಕವರ್' ಎಂದು ಬದಲಿಸಿದೆ. ಒಂದೇ ಏಟಿಗೆ 20 ಚೌಕಗಳು ತುಂಬಿಕೊಂಡವು.

ಇನ್ನು ಕೆಲವು ಚಿತ್ರಗಳ ಹೆಸರು ಸರಿಯಿತ್ತು, ಕೊನೆಯಲ್ಲಿ ಜೆಪಿಜಿ ಎಂದೂ ಇತ್ತು, ಆದರೂ ಚೌಕ ಬೂದು. ಇವು ಕವರ್ ಹರಿದುಹೋದ ಕ್ಯಾಸೆಟ್‌ಗಳಿಗೆಂದು ಇಂಟರ್‌ನೆಟ್‌ನಿಂದ ಇಳಿಸಿದ ಚಿತ್ರಗಳು. ಹೆಸರಿನ ಬಾಲ ನೋಡಿ ಫೈಲಿನ ಜಾತಿ ನಂಬಬಾರದು. ಲಿನಕ್ಸ್‌ನ 'ಫೈಲ್' ಎಂಬ ಕಮಾಂಡ್ ಒಳಗಿನ ಮೊದಲ ಬೈಟ್‌ಗಳನ್ನು ಓದಿ ನಿಜ ಹೇಳುತ್ತದೆ. ಜೆಪೆಗ್ ಆದರೆ ಎಫ್‌ಎಫ್ ಡಿ8 ಎಂದು ಶುರುವಾಗುತ್ತದೆ, ಪಿಎನ್‌ಜಿ ಆದರೆ 89 50 4ಇ 47. ನಮ್ಮವುಗಳಲ್ಲಿ ಎರಡು ಪಿಎನ್‌ಜಿ, ಮೂರು ವೆಬ್‌ಪಿ. ಬ್ರೌಸರ್‌ಗಳು ಇವನ್ನು ಗೊಣಗದೆ ತೋರಿಸಿಬಿಡುವುದರಿಂದ ನಮಗೆ ಅನುಮಾನವೇ ಬರುವುದಿಲ್ಲ. ಜೆಪೆಗ್‌ಗೆ ಪರಿವರ್ತಿಸಿದ ಮೇಲೆ ಅವೂ ಬಂದವು.

ನನಗೆ ಅತಿ ಹೆಚ್ಚು ತಲೆ ತಿನ್ನಿದ್ದು ಚಿತ್ರ ಇಲ್ಲದ ಆಲ್ಬಮ್‌ಗಳಲ್ಲ, ತಪ್ಪು ಚಿತ್ರದ ಆಲ್ಬಮ್. ಅತ್ತೆಯ ಮಗ ಹಿಂದೆ ಯಾವುದೋ ಜಾಲತಾಣದಿಂದ ಇಳಿಸಿಕೊಟ್ಟಿದ್ದ ಸಿನಿಮಾ ಹಾಡುಗಳು ಅವು. ಇಂಥ ತಾಣಗಳು ಹಾಡಿನ ಆಲ್ಬಮ್ ಹೆಸರಿನ ಜಾಗದಲ್ಲಿ ತಮ್ಮ ಹೆಸರನ್ನೂ, ಚಿತ್ರದ ಖಾನೆಯಲ್ಲಿ ತಮ್ಮ ಜಾಹೀರಾತನ್ನೂ ತುರುಕಿರುತ್ತವೆ. ಪರಿಣಾಮ, ಬೇರೆ ಬೇರೆ ಸಿನಿಮಾಗಳ ಹಾಡುಗಳೆಲ್ಲ ಒಂದೇ ಆಲ್ಬಮ್‌ಗೆ ಸೇರಿ, ಅದರ ಮೇಲೆ ಒಂದು ಕೆಂಪು ಜಾಹೀರಾತು. ಫೋಲ್ಡರ್‌ನಲ್ಲಿ ಒಳ್ಳೆಯ ಕವರ್ ಇಟ್ಟರೂ ಅದು ಹೋಗುವುದಿಲ್ಲ. ಏಕೆಂದರೆ ಮಿನಿಡಿಎಲ್‌ಎನ್‌ಎ ಮೊದಲು ನೋಡುವುದು ಫೈಲಿನೊಳಗಿನ ಚಿತ್ರವನ್ನು, ಅದು ಇಲ್ಲದಿದ್ದರೆ ಮಾತ್ರ ಫೋಲ್ಡರನ್ನು. ಕಿಡ್3 ಎಂಬ ಟ್ಯಾಗ್ ತಿದ್ದುವ ತಂತ್ರಾಂಶದಲ್ಲಿ ಜಾಹೀರಾತನ್ನು ಅಳಿಸಿ, ಆಲ್ಬಮ್ ಹೆಸರನ್ನು ಸಿನಿಮಾಕ್ಕೆ ತಕ್ಕಂತೆ ತಿದ್ದಬೇಕಾಯಿತು. ಎರಡು ಸಂಜೆ ಹಿಡಿಯಿತು. ಇದಕ್ಕೆ ಅಡ್ಡದಾರಿ ಇಲ್ಲ. ಯಾವ ಹಾಡು ಯಾವ ಸಿನಿಮಾದ್ದು ಎಂದು ಹೇಳಿದವರು ಅಮ್ಮ.

ತಿದ್ದಿದ ಮೇಲೂ ಟಿವಿ ಹಳೆಯ ಚಿತ್ರವನ್ನೇ ತೋರಿಸಿದರೆ ಗಾಬರಿ ಬೇಡ. ಸರ್ವರ್ ತಾನು ಒಮ್ಮೆ ಓದಿದ್ದನ್ನು ದತ್ತಾಂಶ ಸಂಗ್ರಹದಲ್ಲಿ ಬರೆದಿಟ್ಟುಕೊಂಡಿರುತ್ತದೆ, ಟಿವಿಯೂ ಒಮ್ಮೆ ತಂದ ಚಿತ್ರವನ್ನು ಉಳಿಸಿಕೊಂಡಿರಬಹುದು. ಸರ್ವರ್‌ಗೆ ಎಲ್ಲವನ್ನೂ ಹೊಸದಾಗಿ ಓದಲು ಹೇಳಬೇಕು. ಟಿವಿಯನ್ನು ರಿಮೋಟ್‌ನಲ್ಲಿ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಒಂದು ನಿಮಿಷ ಬಿಡಬೇಕು. ಸರ್ವರ್ ಮೊದಲು, ಟಿವಿ ಆಮೇಲೆ. ಉಲ್ಟಾ ಮಾಡಿದರೆ ಟಿವಿ ಮತ್ತೆ ಹಳೆಯದನ್ನೇ ತಂದುಕೊಳ್ಳುತ್ತದೆ.

ಚಿತ್ರಗಳೆಲ್ಲ ಬಂದವು. ಅಜ್ಜಿಯನ್ನು ಕೂರಿಸಿ ತೋರಿಸಿದರೆ, 'ಇದ್ಯಾಕಪ್ಪ ಮಲಗ್ಬಿಟ್ಟದೆ?' ಎಂದರು. ಆರೇಳು ಕವರ್‌ಗಳು ಅಡ್ಡವಾಗಿದ್ದವು. ಮೊಬೈಲನ್ನು ಹೇಗೆ ಹಿಡಿದು ತೆಗೆದರೂ ಹೆಚ್ಚಿನ ಫೋನ್‌ಗಳು ಚಿತ್ರವನ್ನು ತಿರುಗಿಸಿ ಉಳಿಸುವುದಿಲ್ಲ, 'ತೋರಿಸುವಾಗ ತಿರುಗಿಸಿ' ಎಂಬ ಚೀಟಿಯನ್ನು ಎಕ್ಸಿಫ್ ವಿವರದಲ್ಲಿ ಬರೆದಿಡುತ್ತವೆ. ಮೊಬೈಲ್ ಗ್ಯಾಲರಿ ಆ ಚೀಟಿ ಓದುತ್ತದೆ. ಸರ್ವರ್ ಚಿತ್ರವನ್ನು ಕುಗ್ಗಿಸುವಾಗ ಚೀಟಿ ಬಿದ್ದುಹೋಗುತ್ತದೆ. ಫೋಟೊವನ್ನು ನಿಜವಾಗಿಯೇ ತಿರುಗಿಸಿ ಉಳಿಸಿದರೆ ಮುಗಿಯಿತು.

ಕುಗ್ಗಿಸುವ ಮಾತು ಬಂತಲ್ಲ, ಇದು ತಾಂತ್ರಿಕತೆಗಿಂತ ಕಣ್ಣಿಗೆ ಸಂಬಂಧಿಸಿದ್ದು. ಡಿಎಲ್‌ಎನ್‌ಎ ನಿಯಮದಲ್ಲಿ ಪುಟ್ಟ ಚಿತ್ರವೆಂದರೆ ಹೆಚ್ಚೆಂದರೆ 160ಕ್ಕೆ 160 ಪಿಕ್ಸೆಲ್. ಆ ನಿಯಮ ರೂಪಿಸಿದ ಒಕ್ಕೂಟ 2003ರಲ್ಲಿ ಹುಟ್ಟಿ 2017ರಲ್ಲಿ ಬಾಗಿಲು ಹಾಕಿತು, ಅಳತೆ ಮಾತ್ರ ಉಳಿದಿದೆ. ಮಿನಿಡಿಎಲ್‌ಎನ್‌ಎ ದೊಡ್ಡ ಚಿತ್ರಗಳನ್ನು ಈ ಅಳತೆಗೆ ಇಳಿಸುತ್ತದೆ. ಕ್ಯಾಸೆಟ್ ಕವರಿನ ಮೇಲೆ ಗಾಯಕರ ಭಾವಚಿತ್ರ, ಕವಿಯ ಹೆಸರು, ಕಂಪನಿಯ ಮುದ್ರೆ, ಹಾಡುಗಳ ಪಟ್ಟಿ ಎಲ್ಲ ಕಿಕ್ಕಿರಿದಿರುತ್ತವೆ. ಅದನ್ನು 160 ಪಿಕ್ಸೆಲ್‌ಗೆ ಇಳಿಸಿದರೆ ಮಸಿ ಚೆಲ್ಲಿದಂತೆ ಕಾಣುತ್ತದೆ. ಪೂರ್ತಿ ಕವರ್ ಇರಲಿ ಎಂಬುದು ಚಿಕ್ಕಪ್ಪನ ಆಸೆ. ನನ್ನ ಪ್ರಕಾರ ಗುರುತು ಹಿಡಿಯುವವರಿಗೆ ಬೇಕಾದದ್ದು ಬಣ್ಣ ಮತ್ತು ಒಂದು ಮುಖ. ಎರಡನ್ನೂ ಅಜ್ಜಿಗೆ ತೋರಿಸಿ ಕೇಳಿದೆವು. ಅಕ್ಷರಗಳನ್ನೆಲ್ಲ ಕತ್ತರಿಸಿ ಮುಖ ಮಾತ್ರ ಉಳಿಸಿದ್ದನ್ನು ಅವರು ತಡವಿಲ್ಲದೆ ಗುರುತಿಸಿದರು. ಮೂಲೆ ಹರಿದ ಕವರಿನಲ್ಲಿ ಹರಿದ ಮೂಲೆಯನ್ನು ಕತ್ತರಿಸಬಾರದು ಎಂದೂ ಆಗಲೇ ಗೊತ್ತಾಯಿತು. ಅವರಿಗೆ ಗುರುತೇ ಅದು.

ಉಳಿದದ್ದು ಕವರ್ ಎಂಬುದೇ ಇಲ್ಲದ ನಾಲ್ಕು ಕ್ಯಾಸೆಟ್. ಖಾಲಿ ಕ್ಯಾಸೆಟ್ ತಂದು ಮನೆಯಲ್ಲೇ ತುಂಬಿಕೊಂಡವು. ಮೂರರಲ್ಲಿ ರೇಡಿಯೊದಿಂದ ಹಿಡಿದಿಟ್ಟ ಹಾಡುಗಳು. ಹಳೆಯ ರೇಡಿಯೊ ಇನ್ನೂ ಅಟ್ಟದ ಮೇಲಿತ್ತು, ಮೂರು ದಿಕ್ಕಿನಿಂದ ಅದರ ಫೋಟೊ ತೆಗೆದೆ. ನಾಲ್ಕನೆಯದರಲ್ಲಿ ಅಜ್ಜಿಯ ಅಕ್ಕ ಯಾವುದೋ ಮದುವೆಯಲ್ಲಿ ಹೇಳಿದ ಸೋಬಾನೆ ಪದಗಳು. ಇದಕ್ಕೆ ಯಾವ ಚಿತ್ರ ಹಾಕಲಿ ಎಂದು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ರಂಗೋಲಿ ಡಬ್ಬಿ ತರಿಸಿ, ಹಜಾರದ ನೆಲದ ಮೇಲೆ ಮದುವೆಯ ಹಸೆ ಬರೆದರು. ಮೇಲಿನಿಂದ ಫೋಟೊ ತೆಗೆದು, ಚೌಕಕ್ಕೆ ಕತ್ತರಿಸಿ, ಜೆಪೆಗ್ ಮಾಡಿ, 'ಕವರ್' ಎಂದು ಹೆಸರಿಟ್ಟೆ. 160 ಪಿಕ್ಸೆಲ್‌ನಲ್ಲೂ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.